ಕಾಯಿಸದ ನೇರಳೆ ರಸ ಮಾರಬಹುದೇ? ಒಂದು ಪರ, ಒಂದು ವಿರೋಧ

ಚಿಂತಾಮಣಿ ಕಡೆಯ ನಮ್ಮೂರಿನ ಮಹಿಳಾ ಸಂಘದವರು ಈ ಸಲ ನೇರಳೆ ಹಣ್ಣಿನ ರಸ ಮಾಡಿ ಸಂತೆಯಲ್ಲಿ ಮಾರೋಣ ಅಂತ ಹೊರಟಿದ್ದಾರೆ. ತಕರಾರು ಬಂದಿದ್ದು ಒಂದೇ ವಿಷಯಕ್ಕೆ. ಕಾಯಿಸಿದರೆ ಬಣ್ಣ, ಘಮ ಎರಡೂ ಹೋಗುತ್ತವೆ ಅಂತ ಕೆಲವರು. ಹಣ್ಣಿನಲ್ಲೇ ರೋಗಾಣು ಕೊಲ್ಲುವ ಗುಣ ಇರುವಾಗ ಒಲೆ ಹಚ್ಚುವುದೇಕೆ ಅಂತ ಅವರ ಪ್ರಶ್ನೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ಅದಕ್ಕೇ ಎರಡೂ ಕಡೆ ನಿಂತು ಬರೆದಿದ್ದೇನೆ.

ಪರ: ಹಣ್ಣಿಗೆ ತನ್ನದೇ ಕಾವಲಿದೆ

ನೇರಳೆ ತಿಂದವರಿಗೆಲ್ಲ ಆ ಒಗರು ಗೊತ್ತು. ನಾಲಿಗೆ ಬಿಗಿದು, ಬಾಯಿ ಒಣಗಿದ ಹಾಗಾಗುತ್ತದೆ. ಅದು ಟ್ಯಾನಿನ್ ಎಂಬ ಒಗರು ವಸ್ತು ಮಾಡುವ ಕೆಲಸ. ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದು ಕಟ್ಟಿಹಾಕುತ್ತದೆ. ಬ್ಯಾಕ್ಟೀರಿಯಾದ ಮೈಯಲ್ಲೂ ಪ್ರೋಟೀನ್ ಇದೆ. ಅಲ್ಲಿಯೂ ಟ್ಯಾನಿನ್ ಸುಮ್ಮನಿರುವುದಿಲ್ಲ.

ಜೊತೆಗೆ ಹುಳಿ ಇದೆ. ಹಣ್ಣಿನ ಹುಳಿ ಬ್ಯಾಕ್ಟೀರಿಯಾದ ಒಳಕ್ಕೆ ನುಸುಳಿ, ಅಲ್ಲಿ ಬಿಡಿಯಾಗಿ, ಒಳಗನ್ನೆಲ್ಲ ಹುಳಿ ಮಾಡುತ್ತದೆ. ಅದನ್ನು ಹೊರಗೆ ಹಾಕುವುದರಲ್ಲೇ ಆ ಜೀವದ ಶಕ್ತಿ ಸೋರಿಹೋಗುತ್ತದೆ. ಬೆಳೆಯಲು, ಎರಡಾಗಲು ಏನೂ ಉಳಿಯುವುದಿಲ್ಲ. ನಮ್ಮ ಅಜ್ಜಿ ಕವಳೆಕಾಯಿಗೆ ಉಪ್ಪು ಹಾಕಿ ಭರಣಿಯಲ್ಲಿ ವರ್ಷವಿಡೀ ಇಡುತ್ತಿದ್ದುದರಲ್ಲಿ ಉಪ್ಪಿನಷ್ಟೇ ಪಾಲು ಈ ಹುಳಿಯದೂ ಇತ್ತು.

ಇದು ಬರೀ ಅಜ್ಜಿಯ ಲೆಕ್ಕವಲ್ಲ. 2001ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ತಮ್ಮ ನಾಡಿನ ಬೆರ್ರಿ ಹಣ್ಣುಗಳ ಸಾರ ತೆಗೆದು ಹಲವು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿ ಬರೆದರು. ರಾಸ್ಪ್‌ಬೆರ್ರಿ, ಕ್ಲೌಡ್‌ಬೆರ್ರಿಗಳ ಸಾರ ಸಾಲ್ಮೊನೆಲ್ಲಾದಂಥ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ತಡೆದಿತ್ತು. ಮೊಸರಿನ ಬ್ಯಾಕ್ಟೀರಿಯಾದ ಬಳಗಕ್ಕೆ ಅಷ್ಟಾಗಿ ತೊಂದರೆ ಆಗಲಿಲ್ಲ. ಕೇಳಲು ಎಷ್ಟು ಖುಷಿಯಾಗುತ್ತದೆ, ಅಲ್ವಾ? ಉತ್ತರ ಯುರೋಪಿನ ಹಳ್ಳಿಗಳಲ್ಲಿ ಲಿಂಗನ್‌ಬೆರ್ರಿ ಎಂಬ ಕೆಂಪು ಹಣ್ಣನ್ನು ಸಕ್ಕರೆಯೂ ಇಲ್ಲದೆ ಬರೀ ನೀರಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅದರಲ್ಲಿ ಬೆಂಜೋಯಿಕ್ ಆಮ್ಲ ತಾನಾಗಿಯೇ ಇದೆ. ಅಂಗಡಿಯ ಜ್ಯೂಸ್ ಬಾಟಲಿಗೆ ಹಾಕುವ ಸೋಡಿಯಂ ಬೆಂಜೋಯೇಟ್ ಕೂಡ ಹುಳಿಯಲ್ಲಿ ಬೆರೆತಾಗ ಇದೇ ಆಮ್ಲವಾಗಿ ಕೆಲಸ ಮಾಡುವುದು.

ನಮ್ಮ ಜಿಲ್ಲೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ದಪ್ಪ ಸಿಪ್ಪೆಯಲ್ಲೂ ಇಂಥ ಒಗರು, ಬಣ್ಣ ತುಂಬಿವೆ. ಇಷ್ಟೆಲ್ಲ ಕೈಯಲ್ಲಿರುವಾಗ ರಸವನ್ನು ಕಾಯಿಸಿ ಬಣ್ಣಗೆಡಿಸುವುದು ಯಾಕೆ? ತಾಜಾ ಹಿಂಡಿ, ತಂಪಾಗಿಟ್ಟು, ಅಂದೇ ಮಾರಲಿ. ರೈತರ ಮನೆಯ ಹೆಂಗಸರಿಗೆ ಅಷ್ಟು ಸೌದೆ, ಗ್ಯಾಸ್ ಉಳಿದರೂ ದೊಡ್ಡದೇ.

ವಿರೋಧ: ನೇರಳೆ ಎಲ್ಲಿ ಬೀಳುತ್ತದೆ ನೋಡಿ

ನನ್ನ ಮನಸ್ಸು ವಾಲುವುದು ಈ ಕಡೆಗೆ. ಕಾರಣ ಮರದ ಬುಡದಲ್ಲೇ ಇದೆ.

ನೇರಳೆಯನ್ನು ನಾವು ಒಂದೊಂದಾಗಿ ಕೀಳುವುದಿಲ್ಲ. ಕೊಂಬೆ ಅಲ್ಲಾಡಿಸುತ್ತೇವೆ, ಹಣ್ಣು ನೆಲಕ್ಕೆ ಉದುರುತ್ತದೆ, ಆಯ್ದುಕೊಳ್ಳುತ್ತೇವೆ. ಅದೇ ನೆರಳಲ್ಲಿ ದನ ಕಟ್ಟಿರುತ್ತೇವೆ. ಮಾಗಿದ ಹಣ್ಣು ಬಿದ್ದ ಏಟಿಗೇ ಒಡೆಯುತ್ತದೆ. ಒಡೆದ ಹಣ್ಣಿನೊಳಗೆ ಹೋದ ಸಗಣಿಯ ಕೊಳೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ದನದ ಕರುಳಲ್ಲಿ ಇ. ಕೋಲಿ ಒ157 ಎಂಬ ಬ್ಯಾಕ್ಟೀರಿಯಾ ಇರಬಹುದು. ದನಕ್ಕೆ ಅದರಿಂದ ಏನೂ ಆಗುವುದಿಲ್ಲ. ಮನುಷ್ಯರಿಗೆ, ಅದರಲ್ಲೂ ಮಕ್ಕಳಿಗೆ, ರಕ್ತಭೇದಿ ತರುತ್ತದೆ, ಕೆಲವರಿಗೆ ಕಿಡ್ನಿಯೇ ಕೆಡುತ್ತದೆ. 1996ರಲ್ಲಿ ಅಮೆರಿಕದಲ್ಲಿ ಆಗಿದ್ದು ಇದೇ. ಕಾಯಿಸದೆ ಮಾರಿದ ಸೇಬಿನ ರಸ ಕುಡಿದು ಹತ್ತಾರು ಜನ ಕಾಯಿಲೆ ಬಿದ್ದರು, ಒಂದು ಪುಟ್ಟ ಮಗು ಸತ್ತಿತು. ಸೇಬಿನ ರಸವೂ ಹುಳಿಯೇ. ಆದರೆ ಈ ಬ್ಯಾಕ್ಟೀರಿಯಾ ಹುಳಿಗೆ ಹೆದರುವ ಜಾತಿಯಲ್ಲ. ಫ್ರಿಜ್ಜಿನ ತಂಪಿನಲ್ಲಿ ಹುಳಿ ರಸದೊಳಗೆ ವಾರಗಟ್ಟಲೆ ಬದುಕಿರಬಲ್ಲದು. ತಂಪಾಗಿಟ್ಟರೆ ಸಾಕು ಎನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಫಿನ್ಲೆಂಡಿನ ಪರೀಕ್ಷೆ ಸುಳ್ಳಲ್ಲ. ಆದರೆ ಅಲ್ಲಿ ಬಳಸಿದ್ದು ಹಣ್ಣಿನಿಂದ ಬೇರೆ ಮಾಡಿ ತೆಗೆದ ಸಾರ. ನಮ್ಮ ಲೋಟದಲ್ಲಿರುವುದು ಸಕ್ಕರೆ, ನೀರು, ಐಸ್ ಬೆರೆತ ರಸ. ಒಂದಕ್ಕೆ ಮೂರು ಪಾಲು ನೀರು ಬಿದ್ದರೆ ಒಗರೂ ತೆಳು, ಹುಳಿಯೂ ತೆಳು. ಆ ನೀರು, ಆ ಐಸ್ ಎಲ್ಲಿಯದು ಅನ್ನುವುದು ಬೇರೆ ಚಿಂತೆ. ಇನ್ನು ಮೊಸರಿಗೋ ಹಾಲಿಗೋ ನೇರಳೆ ಬೆರೆಸಿದರೆ ಟ್ಯಾನಿನ್ ಮೊದಲು ಹಾಲಿನ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾಗೆ ಅಂತ ಉಳಿಯುವುದು ಕಡಿಮೆ. ನೀವೇ ಕುಡಿದು ನೋಡಿ. ಹಾಲು ಸೇರಿದ ಮೇಲೆ ನಾಲಿಗೆ ಅಷ್ಟು ಬಿಗಿಯುವುದಿಲ್ಲ.

ತಡೆಯುವುದು ಬೇರೆ, ಕೊಲ್ಲುವುದು ಬೇರೆ. ಇದನ್ನು ನಾನು ಸಂಘದಲ್ಲಿ ಮತ್ತೆ ಮತ್ತೆ ಹೇಳಿದೆ. ಬೆಳೆಯದೆ ಸುಮ್ಮನಿದ್ದ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಕಾಯಿಲೆ ತರಬಹುದು. ಒ157 ಸ್ವಲ್ಪವೇ ಸಾಕು, ಬಾಟಲಿಯಲ್ಲಿ ಬೆಳೆಯಲೇಬೇಕೆಂದಿಲ್ಲ. ವೈರಸ್ ಬಂದರೆ ಕತೆ ಇನ್ನೂ ಬೇರೆ. 2012ರಲ್ಲಿ ಜರ್ಮನಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಸ್ಟ್ರಾಬೆರ್ರಿಯಿಂದ ನೊರೊವೈರಸ್ ಹರಡಿ ಸುಮಾರು 11,000 ಜನ, ಅದರಲ್ಲೂ ಶಾಲೆ ಮಕ್ಕಳು, ವಾಂತಿ ಭೇದಿಯಿಂದ ನರಳಿದರು. ಸ್ಟ್ರಾಬೆರ್ರಿಯಲ್ಲೂ ಟ್ಯಾನಿನ್ ಇತ್ತು.

ಕಾಯಿಸುವುದೆಂದರೆ ಗಂಟೆಗಟ್ಟಲೆ ಕೊತಕೊತ ಕುದಿಸುವುದಲ್ಲ. 85 ಡಿಗ್ರಿ ಸೆಲ್ಸಿಯಸ್ ಮುಟ್ಟಿಸಿ, ರಸ ಬಿಸಿಯಿರುವಾಗಲೇ, ತೊಳೆದು ಕಾಯಿಸಿದ ಬಾಟಲಿಗೆ ತುಂಬಿ ಮುಚ್ಚಳ ಹಾಕಿದರೆ ಆಯಿತು. ಅದರ ಮೇಲೆ ಹಣ್ಣಿನ ಹುಳಿ ತನ್ನ ಕಾವಲು ಕಾಯಲಿ, ಅಲ್ಲಿ ಅದರ ಕೆಲಸ ನಿಜಕ್ಕೂ ದೊಡ್ಡದು. ಬಿಸಿಗೂ ಸಾಯದ ಕೆಲವು ಬ್ಯಾಕ್ಟೀರಿಯಾದ ಬೀಜಾಣುಗಳು ಉಳಿದರೂ ಆ ಹುಳಿಯಲ್ಲಿ ಮೊಳೆಯುವುದು ಕಷ್ಟ. ಬಣ್ಣ ಒಂದಿಷ್ಟು ಮಾಸುತ್ತದೆ, ಒಪ್ಪುತ್ತೇನೆ. ಸಂಘಕ್ಕೆ ನಾನು ಕೇಳಿದ್ದು ಎರಡೇ: ಅಡುಗೆಯ ಥರ್ಮಾಮೀಟರ್ ಒಂದು, ಮರದ ಕೆಳಗೆ ಹಾಸಲು ತೊಳೆದ ಟಾರ್ಪಾಲಿನ್ ಒಂದು. ದನಗಳನ್ನು ಹಣ್ಣಿನ ಕಾಲ ಮುಗಿಯುವ ತನಕ ಹುಣಸೆ ಮರದ ಕೆಳಗೆ ಕಟ್ಟೋಣ.