ಹುಲ್ಲು ಕತ್ತರಿಸೋ ಗಾಡಿ ಢಮ್ ಅಂದಿದ್ದು ಯಾವಾಗ?

ಅಮೆರಿಕಾದಲ್ಲಿ ಅರ್ಧ ಎಕರೆ ಇರೋ ಮನೆ ತಗೊಂಡ್ರೆ ಜೊತೆಗೊಂದು ಉಪಕಸುಬು ಫ್ರೀಯಾಗಿ ಬರುತ್ತೆ, ಹುಲ್ಲು ಕಟಾವು. ಅರ್ಧ ಎಕರೆ ಅಂದ್ರೆ ನಮ್ಮ ಲೆಕ್ಕದಲ್ಲಿ 20 ಗುಂಟೆ. ಮೈಸೂರು ಕಡೆ 20 ಗುಂಟೆ ಇದ್ದಿದ್ರೆ ಯಾರಾದ್ರೂ ಬೋರ್ ಹಾಕ್ಸಿ ಬಾಳೆನೋ ಹೂವಿನ ಗಿಡಾನೋ ಹಾಕ್ಕೊಂಡಿರ್ತಿದ್ರು. ಇಲ್ಲಿ ಒಹಾಯೋದಲ್ಲಿ ಏಪ್ರಿಲ್ಲಿಂದ ಅಕ್ಟೋಬರ್ ತನಕ ಗೊಬ್ಬರ ಹಾಕಿ ಹುಲ್ಲು ಬೆಳೆಸೋದು, ಬೆಳೆದಿದ್ದನ್ನ ವಾರವಾರ ಕತ್ತರಿಸಿ ಅಲ್ಲೇ ಉದುರಿಸೋದು, ದನಕ್ಕೂ ಇಲ್ಲ ಕರುಗೂ ಇಲ್ಲ. ಬೆಳೆಯೋಕೆ ಬಿಟ್ರೆ ನೋಟಿಸ್ ಬರುತ್ತೆ.

ಇಷ್ಟು ಜಾಗಕ್ಕೆ ತಳ್ಳೋ ಮಷೀನ್ ಸಾಲಲ್ಲ ಅಂತ ಕೂತ್ಕೊಂಡು ಓಡಿಸೋದನ್ನ ತರ್ತಾರೆ. ಸೀಟು, ಸ್ಟೀರಿಂಗು, ಬಾನೆಟ್ಟು ಎಲ್ಲ ಇರೋ ಟ್ರ್ಯಾಕ್ಟರ್ ಮರಿ ಅದು, ಹೊಟ್ಟೆ ಕೆಳಗೆ ಬ್ಲೇಡು, ಮುಂದೆ ಒಂದೇ ಸಿಲಿಂಡರಿನ ಎಂಜಿನ್ನು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಅನ್ನೋನು ಬಟ್ಟೆ ಮಿಲ್ಲಲ್ಲಿ ಉಣ್ಣೆ ಬಟ್ಟೆಯ ಜುಂಗು ಕತ್ತರಿಸೋ ಯಂತ್ರ ನೋಡಿ ಇದನ್ನೇ ಹುಲ್ಲಿಗೂ ಹಚ್ಚಬಹುದಲ್ಲ ಅಂತ ಯೋಚಿಸಿದ್ದು, ಅದರ ಫಲ ನಾವು ಪ್ರತಿ ಶನಿವಾರ ಉಣ್ತಾ ಇದೀವಿ. ಆದ್ರೆ ಬಡಿಂಗನ ಮಷೀನು ಕೈಯಲ್ಲಿ ತಳ್ಳೋದು, ಢಮ್ ಅಂತಿರಲಿಲ್ಲ.

ನಮ್ಮದು ಅನ್ನುತ್ತೆ. ಅದೂ ಅಮೆರಿಕಾದಲ್ಲಿ ಢಮ್ ಅಂದ್ರೆ ಪಕ್ಕದ ಮನೆಯವರು ಮೊದಲು ಯೋಚಿಸೋದು ಎಂಜಿನ್ ಬಗ್ಗೆ ಅಲ್ಲ. ಜುಲೈ 4, ಇಲ್ಲಿನ ಸ್ವಾತಂತ್ರ್ಯ ದಿನದ ಆಸುಪಾಸಾದ್ರೆ ಪಟಾಕಿ ಅನ್ಕೊಂಡು ಸುಮ್ಮನಿರ್ತಾರೆ, ಮೇ ತಿಂಗಳಲ್ಲಾದ್ರೆ ಕರ್ಟನ್ ಸರಿಸಿ ನೋಡ್ತಾರೆ.

ಢಮ್ ಅಂದ ತಕ್ಷಣ ಜನ ಮಾಡೋದೇನು ಅಂದ್ರೆ ಪಾರ್ಟ್ಸ್ ಆರ್ಡರ್ ಮಾಡೋದು. ಪ್ಲಗ್ಗು, ಏರ್ ಫಿಲ್ಟರು, ಅದೂ ಆಗ್ಲಿಲ್ಲ ಅಂದ್ರೆ ಪೆಟ್ರೋಲಿಗೆ ಗಾಳಿ ಬೆರೆಸೋ ಇಡೀ ಕಾರ್ಬುರೇಟರೇ ಹೊಸದು. ನನಗೆ ಇದು ಕೆಮ್ಮು ಅಂದವನಿಗೆ ಒಣ ಕೆಮ್ಮಾ ಕಫ ಇದ್ಯಾ ಅಂತಾನೂ ಕೇಳದೆ ಮಾತ್ರೆ ಕೊಟ್ಟು ಕಳಿಸಿದ ಹಾಗೆ ಕಾಣುತ್ತೆ. ಮೊದಲು ಕೇಳ್ಬೇಕಾದ್ದು ಢಮ್ ಅಂದಿದ್ದು ಯಾವಾಗ, ಕಾರ್ಬುರೇಟರಿಂದ ಬಂತಾ ಸೈಲೆನ್ಸರಿಂದ ಬಂತಾ. ಅಷ್ಟು ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ.

ಕೀ ತಿರುಗಿಸಿ ಆಫ್ ಮಾಡಿದ ಮೇಲೆ ಒಂದು ಕ್ಷಣ ಬಿಟ್ಟು ಢಮ್ ಅಂದ್ರೆ, ಅದು ಎಲ್ಲಕ್ಕಿಂತ ಸಾಮಾನ್ಯ. ಆಫ್ ಮಾಡಿದಾಗ ಪ್ಲಗ್ಗಿನ ಕಿಡಿ ನಿಲ್ಲುತ್ತೆ ಹೊರತು ಎಂಜಿನ್ ತಕ್ಷಣ ನಿಲ್ಲಲ್ಲ, ಫ್ಲೈವೀಲ್ ಅನ್ನೋ ದಪ್ಪ ಚಕ್ರದ ಭಾರಕ್ಕೆ ಇನ್ನೂ ಕೆಲವು ಸುತ್ತು ಸುತ್ತುತ್ತೆ, ಸುತ್ತಿದಷ್ಟು ಸಲ ಪೆಟ್ರೋಲು ಗಾಳಿ ಎಳ್ಕೊಂಡು ಸುಡದೆ ಹಾಗೇ ಸೈಲೆನ್ಸರ್ ಕಡೆಗೆ ತಳ್ಳುತ್ತೆ. ಅಲ್ಲಿ ಒಂದು ಗಂಟೆಯಿಂದ ಕಾದು ಕೂತಿರೋ ಸೈಲೆನ್ಸರು, ಅದರ ಬಿಸಿಗೆ ಅಷ್ಟೂ ಹತ್ಕೊಂಡು ಢಮ್. ಇದನ್ನ ತಡೆಯೋಕೆ ಅಂತಾನೇ ಕಾರ್ಬುರೇಟರ್ ಬಟ್ಟಲಿನ ಕೆಳಗೆ ಕರೆಂಟಿಂದ ಪಿನ್ನು ಎಳೆಯೋ ಒಂದು ಸಣ್ಣ ಸಾಧನ, ಸೊಲೆನಾಯ್ಡ್ ಅಂತ, ಇರುತ್ತೆ. ಕೀ ಆನ್ ಮಾಡಿದಾಗ ಅದರ ಪಿನ್ನು ಕೆಳಗೆ ಸರಿದು ಪೆಟ್ರೋಲಿಗೆ ದಾರಿ ಬಿಡುತ್ತೆ, ಆಫ್ ಆದಾಗ ಸ್ಪ್ರಿಂಗು ಪಿನ್ನನ್ನ ಮೇಲೆ ದಬ್ಬಿ ಪೆಟ್ರೋಲ್ ಹೋಗೋ ಸಣ್ಣ ತೂತನ್ನ, ಅಂದ್ರೆ ಜೆಟ್ಟನ್ನ, ಮುಚ್ಚುತ್ತೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಕಿವಿ ಕೊಟ್ರೆ ಟಿಕ್ ಅನ್ಬೇಕು. ಟಿಕ್ ಕೇಳದೆಯೂ ಎಂಜಿನ್ ಓಡ್ತಾ ಇದ್ರೆ ಪಿನ್ನು ಕೆಳಗೇ ಸಿಕ್ಕಿಹಾಕ್ಕೊಂಡು ಜೆಟ್ ತೆರೆದೇ ಇರಬಹುದು. ಟಿಕ್ ಅಂದ್ರೂ ಪಿನ್ನಿನ ಮೂತಿ ಸವೆದು ಜೆಟ್ಟಿಗೆ ಸರಿಯಾಗಿ ಕೂರದೆ ಇರಬಹುದು, ಅದು ಬಿಚ್ಚಿ ನೋಡಿದ್ರೇನೇ ಗೊತ್ತಾಗೋದು.

ಸ್ಟಾರ್ಟ್ ಮಾಡುವಾಗ ಕಾರ್ಬುರೇಟರ್ ಬಾಯಿಂದ ಟುಸ್ ಪಟ್ ಅಂತ ಬಂದ್ರೆ ಕತೆ ಬೇರೆ. ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿರುತ್ತೆ, ಚಳಿಗಾಲ ಪೂರ್ತಿ ಟ್ಯಾಂಕಲ್ಲೇ ಬಿಟ್ಟ ಹಳೇ ಪೆಟ್ರೋಲು ಅಂಟಂಟಾಗಿ ಜೆಟ್ ಕಟ್ಟಿಕೊಂಡಿರುತ್ತೆ. ಇಲ್ಲಿನ ಪೆಟ್ರೋಲಲ್ಲಿ ಸಾಮಾನ್ಯವಾಗಿ 10 ಪರ್ಸೆಂಟ್ ಎಥನಾಲ್, ಅದು ನೀರು ಹೀರುತ್ತೆ. ವಾಲ್ವ್ ಸಂದು ಹೆಚ್ಚುಕಮ್ಮಿ ಆಗಿರೋದು, ಫ್ಲೈವೀಲನ್ನ ಹಿಡಿದಿಡೋ ಸಣ್ಣ ಬೆಣೆ (ಫ್ಲೈವೀಲ್ ಕೀ) ಕತ್ತರಿಸಿ ಕಿಡಿ ಹಾರೋ ಟೈಮಿಂಗ್ ತಪ್ಪಿರೋದು, ಇವೂ ಉಂಟು, ಆದ್ರೆ ಅವು ಕೊನೆಗೆ ನೋಡೋ ವಿಷಯ.

ನಮ್ಮ ಗಾಡಿದು ಎರಡರಲ್ಲೂ ಪೂರ್ತಿ ಸೇರಲಿಲ್ಲ. ಆಫ್ ಮಾಡಿದಾಗಲೂ ಒಂದೊಂದ್ ಸಲ ಹೊಡೀತಿತ್ತು, ಆದ್ರೆ ದೊಡ್ಡ ಢಮ್ ಬರ್ತಿದ್ದಿದ್ದು ಓಡ್ತಾ ಇರುವಾಗ, ಅದೂ ನನ್ನ ಹೆಂಡತಿ ಓಡಿಸುವಾಗ ಮಾತ್ರ. ನಾನು ಕೂತ್ರೆ ಪರಮ ಸಾಧು. ಗಾಡಿಗೂ ಗೊತ್ತು ಯಾರ ಹತ್ರ ಗಲಾಟೆ ಮಾಡಿದ್ರೆ ಬೆಲೆ ಇದೆ ಅಂತ, ಅಂದೆ. ಅವಳು ನಗಲಿಲ್ಲ.

ಮೈಸೂರಲ್ಲಿರೋ ಅಪ್ಪನಿಗೆ ವಾಟ್ಸಾಪ್ ವಿಡಿಯೋ ಮಾಡಿದ್ವಿ. ಅಪ್ಪ ಯೆಜ್ಡಿ ಬೈಕಿನ ಕಾಲದವರು. ಅದನ್ನ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ್ರೂ ಅವರ ಪಾಲಿಗೆ ಎಂಜಿನ್ ವಿಜ್ಞಾನ ಅಲ್ಲೇ ಪೂರ್ಣ ಆಗಿದೆ.

"ಪ್ಲಗ್ ಬಿಚ್ಚಿ ಬಣ್ಣ ನೋಡೋ, ಕಪ್ಪಗಿದ್ರೆ ಉಪ್ಪುಕಾಗದ ಹಾಕಿ ಉಜ್ಜು."

"ನೋಡ್ದೆ ಅಪ್ಪ, ಕಾಫಿ ಬಣ್ಣ ಇದೆ, ಚೆನ್ನಾಗಿದೆ."

"ಹಾಗಾದ್ರೂ ಉಜ್ಜು."

ಹೆಂಡತಿ ಫೋನ್ ತಗೊಂಡ್ಳು. "ಮಾವ, ನಾನ್ ಓಡಿಸ್ವಾಗ ಮಾತ್ರ ಬರುತ್ತೆ, ಅದೂ ಮೇಪಲ್ ಮರದ ಹತ್ರ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೇನಮ್ಮ ಇದೆ?" ಅಂದ್ರು.

ಅಲ್ಲಿ ಇರೋದು ಬೇರು. ಮೇಪಲ್ ಬೇರು ನೆಲದ ಮೇಲೇ ಉಬ್ಕೊಂಡು ಹಬ್ಬುತ್ತೆ, ಅದರ ಮೇಲೆ ಹತ್ತಿದಾಗ ಗಾಡಿ ಎಗರುತ್ತೆ, ನನ್ನ ಹೆಂಡತಿ ಹಗೂರ ಇರೋದ್ರಿಂದ ಅವಳೂ ಸೀಟಿಂದ ಎಗರ್ತಾಳೆ, ನಾನು ಎಗರಲ್ಲ. (ಯಾಕೆ ಅಂತ ವಿವರಿಸೋ ಅಗತ್ಯ ಇಲ್ಲ.) ಸೀಟಿನ ಕೆಳಗೆ ಒಂದು ಸ್ವಿಚ್ಚಿದೆ. ಬ್ಲೇಡ್ ತಿರುಗ್ತಾ ಇರುವಾಗ ಕೂತವರು ಎದ್ರೆ ಅಥವಾ ಬಿದ್ರೆ ಅದು ಕಿಡಿ ನಿಲ್ಲಿಸಿ ಎಂಜಿನ್ ಆಫ್ ಮಾಡುತ್ತೆ. ಸ್ಪ್ರಿಂಗ್ ಸೋತು, ಕನೆಕ್ಟರಿಗೆ ತುಕ್ಕು ಹಿಡಿದ್ರೆ ಒಂದು ಕುಲುಕಿಗೇ ಕಿಡಿ ಹೋಗಿ ಮತ್ತೆ ಬರುತ್ತೆ. ಆ ನಡುವೆ ಸುಡದ ಪೆಟ್ರೋಲು ಸೈಲೆನ್ಸರಿಗೆ ಹೋಗಿ ತುಂಬಿರುತ್ತೆ, ಕಿಡಿ ವಾಪಸ್ ಬಂದ ಕೂಡ್ಲೇ ಅಷ್ಟೂ ಒಟ್ಟಿಗೆ ಹತ್ಕೊಳ್ಳುತ್ತೆ. ಅಂದ್ರೆ ಕಾರ್ಬುರೇಟರಿಗೂ ಇದಕ್ಕೂ ಸಂಬಂಧಾನೇ ಇಲ್ಲ. ಹೆಂಡತಿ ಗಾಡಿ ನಿಲ್ಲಿಸಿ, ಸೀಟ್ ಮಗುಚಿ, ಕನೆಕ್ಟರ್ ಎಳೆದು ನೋಡಿದ್ಳು, ಒಳಗೆ ಹಸಿರು ಕಿಲುಬು.

ಇಲ್ಲೊಂದು ಮಾತು ಹೇಳ್ಲೇಬೇಕು. ಈ ಸ್ವಿಚ್ ಕಿರಿಕಿರಿ ಅಂತ ಎಷ್ಟೋ ಜನ ಒಂದ್ ತುಂಡು ವೈರ್ ಹಾಕಿ ಅದನ್ನ ಬೈಪಾಸ್ ಮಾಡ್ಬಿಡ್ತಾರೆ. ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರ್ ಆಸುಪಾಸಲ್ಲಿ ತಿರುಗುತ್ತೆ ಸ್ವಾಮಿ, ಇಳಿಜಾರಲ್ಲಿ ಜಾರಿ ಬಿದ್ದವನ ಮೇಲೆ ತಿರುಗೋ ಬ್ಲೇಡ್ ಬರೋದನ್ನ ತಡೆಯೋಕೇ ಅದು ಇರೋದು. ಸದ್ದು ನಿಲ್ಲಿಸೋಕೆ ಅಂತ ಅದನ್ನ ತೆಗೆಯೋದು ಶುದ್ಧ ಹುಚ್ಚುತನ. ಹೊಸ ಸ್ವಿಚ್ಚಿಗೆ ಏನು ಮಹಾ ಬೆಲೆ ಇಲ್ಲ.

ಸ್ವಿಚ್ ಬಂತು, ಅವಳೇ ಹಾಕಿದ್ಳು, ಮೇಪಲ್ ಬೇರಿನ ಮೇಲೆ ಬೇಕಂತಲೇ ಹೋಗಿ ಬಂದ್ಳು, ಸದ್ದಿಲ್ಲ. ಅಪ್ಪನಿಗೆ ಹೇಳಿದ್ರೆ "ನಾನು ಅಲ್ಲೇನಿದೆ ಅಂತ ಕೇಳಿದ್ದಕ್ಕೇ ಗೊತ್ತಾಗಿದ್ದು" ಅಂದ್ರು, ಅದು ನಿಜಾನೂ ಹೌದು. ಇನ್ನು ಆಫ್ ಮಾಡುವಾಗಿನ ಸಣ್ಣ ಢಮ್ ಒಂದು ಉಳ್ಕೊಂಡಿದೆ. ಟಿಕ್ ಕೇಳುತ್ತೆ ಅಂತ ಅವಳು, ಕೇಳಲ್ಲ ಅಂತ ನಾನು. ಸೊಲೆನಾಯ್ಡ್ ಬಿಚ್ಚೋಕೆ ಮುಂಚೆ ಬಟ್ಟಲಲ್ಲಿರೋ ಪೆಟ್ರೋಲ್ ಹಿಡಿಯೋಕೆ ಒಂದು ಡಬ್ಬಿ ಬೇಕು, ಅಡುಗೆಮನೆಯಿಂದ ತಗೊಳ್ಳೋ ಹಾಗಿಲ್ಲ ಅಂತ ಆಗಲೇ ಆರ್ಡರ್ ಆಗಿದೆ.