ಆ ಚಿಟ್ಟೆಗಳನ್ನು ಇನ್ನಾದರೂ ಬಿಟ್ಟುಬಿಡಿ

ಬೆಳಿಗ್ಗೆ ನಮ್ಮ ಭಾವ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಹಾಕಿದ್ದಾರೆ. "ಚೀನಾದಲ್ಲಿ ಒಬ್ಬ ರಾಜನಿದ್ದ" ಅಂತ ಶುರು. ರಾಜ ಚಿತ್ರಕಾರರಿಗೆ ಸ್ಪರ್ಧೆ ಇಡುತ್ತಾನೆ. ಪದ್ಯದ ಒಂದು ಸಾಲು ಕೊಡುತ್ತಾನೆ: ಹೂ ತುಳಿದು ಮರಳಿದ ಕುದುರೆಯ ಗೊರಸಿಗೆಲ್ಲ ಪರಿಮಳ. ಎಲ್ಲರೂ ಹೂ, ಕುದುರೆ, ಸವಾರ ಅಂತ ಬರೆದರು. ಒಬ್ಬ ಮಾತ್ರ ಹೂವನ್ನೇ ಬರೆಯಲಿಲ್ಲ. ಗೊರಸಿನ ಹಿಂದೆ ಹಾರುವ ಚಿಟ್ಟೆಗಳನ್ನು ಬರೆದ. ಗೆದ್ದ. ಕೊನೆಗೆ ದಪ್ಪ ಅಕ್ಷರದಲ್ಲಿ "ಔಟ್ ಆಫ್ ದಿ ಬಾಕ್ಸ್ ಯೋಚಿಸಿ, ಜೀವನದಲ್ಲಿ ಗೆಲ್ಲಿ."

ಇಷ್ಟೇ ಆಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಆದರೆ ಆ ವಿಡಿಯೊದೊಳಗಿನ ಚಿತ್ರ ನೋಡಬೇಕು ನೀವು. ಎಐ ಕೈಲಿ ಮಾಡಿಸಿದ್ದು. ಕುದುರೆ ಇದೆ. ಚಿಟ್ಟೆ ಇದೆ. ಜೊತೆಗೆ ಕುದುರೆಯ ಮೊಣಕಾಲು ಮುಳುಗುವಷ್ಟು ಹೂವಿನ ತೋಟ! ಗುಲಾಬಿ, ಚೆಂಡುಹೂ, ಸೂರ್ಯಕಾಂತಿ. (ಸೂರ್ಯಕಾಂತಿ ಅಮೆರಿಕದಿಂದ ಬಂದ ಗಿಡ ಸ್ವಾಮಿ. ಆ ರಾಜ ಅದನ್ನು ಕಂಡಿರಲಿಕ್ಕೇ ಸಾಧ್ಯವಿಲ್ಲ.) ಹೂ ಬರೆಯದವನು ಗೆದ್ದ ಅನ್ನುವ ಕಥೆಗೆ ಹೂವಿನ ತೋಟದ ಚಿತ್ರ! ಅದಕ್ಕೆ ಮೂವತ್ತು ಜನ ಕೈಮುಗಿದಿದ್ದಾರೆ.

ನನ್ನ ಕಸುಬು ನಿಮಗೆಲ್ಲ ಗೊತ್ತೇ ಇದೆ. ಪತ್ರಿಕೆಗಳ ಪದ್ಯ, ಕಥೆಗಳಿಗೆ ಚಿತ್ರ ಬರೆದುಕೊಂಡು ಹೊಟ್ಟೆ ಹೊರೆದವನು. ಹಾಗಾಗಿ ಈ ಸಿಟ್ಟು ಭಾವನ ಮೇಲಿನದಲ್ಲ, ತುಂಬ ಹಳೆಯದು. "ಸಾರ್, ಪದ್ಯದಲ್ಲಿ ನವಿಲಿದೆ, ಚಿತ್ರದಲ್ಲಿ ಎಲ್ಲಿ?" ಅಂತ ಫೋನ್ ಮಾಡಿದ ಉಪಸಂಪಾದಕರನ್ನು ಕಂಡವನು ನಾನು. ಪದ್ಯಕ್ಕೆ ಚಿತ್ರ ಅಂದರೆ ಜನರ ತಲೆಯಲ್ಲಿ ಎರಡೇ ದಾರಿ. ಒಂದೋ ಸಾಮಾನು ಚೀಟಿ ಹಿಡಿದು ದಿನಸಿ ಅಂಗಡಿಗೆ ಹೋದ ಹಾಗೆ, ನವಿಲು ಒಂದು, ಮೋಡ ಎರಡು, ಹುಡುಗಿ ಒಂದು. ಇಲ್ಲವೇ ಜಾಣತನ, ಒಗಟು, ಐಡಿಯಾ. ಮೂರನೆಯದೊಂದಿದೆ. ಕೂತು ಪದ್ಯ ಓದುವುದು. ಅದರ ಮಾತು ಯಾರೂ ಎತ್ತುವುದಿಲ್ಲ.

ಆ "ಒಬ್ಬ ರಾಜ"ನಿಗೆ ಹೆಸರಿದೆ. ಹುಯಿಝೊಂಗ್. ಸೊಂಗ್ ವಂಶದವನು, ರಾಜಧಾನಿ ಕೈಫೆಂಗ್, ಪಟ್ಟಕ್ಕೆ ಬಂದದ್ದು 1100ರಲ್ಲಿ. ಸ್ವತಃ ಚಿತ್ರಕಾರ. ಅವನ ಸಣಕಲು, ಚೂಪು ಕೈಬರಹಕ್ಕೆ ಚೀನಾದಲ್ಲಿ "ಕೃಶ ಚಿನ್ನ" ಅಂತಲೇ ಹೆಸರು. 1104ರಲ್ಲಿ ಅರಮನೆಯ ಕಡೆಯಿಂದ ಚಿತ್ರಕಲೆಯ ಶಾಲೆ ತೆರೆಸಿದ. ಅದಕ್ಕೆ ಸೇರಬೇಕಾದರೆ ಪರೀಕ್ಷೆ, ಪ್ರಶ್ನೆಪತ್ರಿಕೆಯಲ್ಲಿ ಹಳೆಯ ಪದ್ಯಗಳ ಸಾಲು. ಸೇರಿದ ಮೇಲೆ ಕುಂಚ ಹಿಡಿದರಷ್ಟೇ ಸಾಲದು, ಹಳೆಯ ನಿಘಂಟುಗಳನ್ನೂ ಓದಬೇಕು! ಚಿತ್ರ ಬರೆಯುವವನ ಕೈಗೆ ನಿಘಂಟು ಕೊಟ್ಟ ರಾಜ. ಇದನ್ನು ಯಾವ ವಿಡಿಯೊದವನೂ ಹೇಳುವುದಿಲ್ಲ. ನಿಘಂಟಿನಲ್ಲಿ ಔಟ್ ಆಫ್ ದಿ ಬಾಕ್ಸ್ ಎಲ್ಲಿಂದ ಬರಬೇಕು?

1167ರಲ್ಲಿ ಡೆಂಗ್ ಚುನ್ ಅನ್ನುವವನು ಬರೆದ ಪುಸ್ತಕದಲ್ಲಿ ಆ ಪರೀಕ್ಷೆಯ ಎರಡು ಪ್ರಶ್ನೆಗಳಿವೆ. ನನಗೆ ಚಿಟ್ಟೆಗಿಂತ ಅವೇ ಇಷ್ಟ. ಮೊದಲನೆಯದು, "ಚೆಲ್ಲಾಪಿಲ್ಲಿ ಬೆಟ್ಟಗಳ ನಡುವೆ ಅಡಗಿದ ಹಳೆಯ ಗುಡಿ." ಕೆಲವರು ಗೋಪುರದ ತುದಿ ಬರೆದರು. ಕೆಲವರು ಮಾಡಿನ ಮೂಲೆ. ಇನ್ನು ಕೆಲವರು ಇಡೀ ಗುಡಿಯನ್ನೇ ಬರೆದಿಟ್ಟರು. ಗೆದ್ದವನು ಹಾಳೆ ತುಂಬ ಬರೀ ಬೆಟ್ಟ ಬರೆದು, ಮೇಲೆ ಒಂದು ಬಾವುಟದ ಕಂಬ ಮಾತ್ರ ತೋರಿಸಿದ. ಅಡಗಿದೆ ಅಂದಮೇಲೆ ಅಡಗಿರಬೇಕಲ್ವಾ?

ಎರಡನೆಯದು ಇದಕ್ಕಿಂತ ಚೆನ್ನ. "ಕಾಡುಹೊಳೆ, ದಾಟುವವರಿಲ್ಲ. ಒಂಟಿ ದೋಣಿ ದಿನವಿಡೀ ಅಡ್ಡಲಾಗಿ ನಿಂತಿದೆ." ಕೌ ಝುನ್ ಅನ್ನುವ ಕವಿಯ ಸಾಲು. ಈತ ಮುಂದೆ ದೇಶದ ಮಂತ್ರಿಯಾದವನು. ಹೆಚ್ಚಿನವರು ದಡಕ್ಕೆ ಕಟ್ಟಿದ ಖಾಲಿ ದೋಣಿ ಬರೆದರು. ಯಾರೂ ಇಲ್ಲ ಅಂತ ತೋರಿಸಲು ದೋಣಿಯ ಅಂಚಿನಲ್ಲಿ ಒಂದು ಬೆಳ್ಳಕ್ಕಿ, ಇಲ್ಲವೇ ಅದರ ಮಾಡಿನ ಮೇಲೆ ಒಂದು ಕಾಗೆ. ಚೆನ್ನಾಗಿಯೇ ಇದೆ ಅನ್ನಿ. ಆದರೆ ಮೊದಲ ಸ್ಥಾನ ಸಿಕ್ಕಿದ್ದು ದೋಣಿಯಲ್ಲಿ ಅಂಬಿಗನನ್ನು ಬರೆದವನಿಗೆ. ಹಿಂತುದಿಯಲ್ಲಿ ಕಾಲುಚಾಚಿ ಮಲಗಿದ್ದಾನೆ, ಪಕ್ಕದಲ್ಲಿ ಒಂದು ಕೊಳಲು.

ಸಾಲನ್ನು ಮತ್ತೆ ಓದಿ. ದಾಟುವವರಿಲ್ಲ ಅಂತ ಇದೆ. ದಾಟಿಸುವವನಿಲ್ಲ ಅಂತ ಎಲ್ಲಿದೆ? ದೋಣಿ ದಿನವಿಡೀ ನಿಂತಿದೆ ಅಂದರೆ ಅದರ ಯಜಮಾನ ಎಲ್ಲೋ ಇರಲೇಬೇಕು. ಗಿರಾಕಿ ಇಲ್ಲ. ಕೊಳಲು ಊದಿ ಊದಿ ಅವನಿಗೂ ಬೇಜಾರಾಗಿ ಮಲಗಿದ್ದಾನೆ. ಉಳಿದವರೆಲ್ಲ ಮನುಷ್ಯನನ್ನು ತೆಗೆದುಹಾಕಿದರು, ಇವನೊಬ್ಬ ಸೇರಿಸಿದ. ಆ ಹೊಳೆ ಇನ್ನಷ್ಟು ಒಂಟಿಯಾಯಿತು. ಇದು ಜಾಣತನ ಅಲ್ಲ. ಪದ್ಯವನ್ನು ಕಣ್ಣಿಟ್ಟು ಓದಿದ್ದು, ಅಷ್ಟೇ.

ಕಳೆದ ಬಾರಿ ಇದನ್ನು ಹೇಳಿದಾಗ ಒಬ್ಬ ಗೆಳೆಯರು, "ಬಿಡಿ ಸಾರ್, ಅದೆಲ್ಲ ಆಸ್ಥಾನದ ಕಲೆ. ರಾಜ ಹೇಳಿದಂತೆ ಬರೆದವರು. ರಾಜ ಚಿತ್ರ ನೋಡುತ್ತಾ ಕೂತು ರಾಜ್ಯ ಕಳೆದುಕೊಂಡ" ಅಂದರು. ಹೌದು, ಕಳೆದುಕೊಂಡ. 1127ರಲ್ಲಿ ಉತ್ತರದ ಜಿನ್ ರಾಜ್ಯದ ಸೈನ್ಯ ಅವನನ್ನೂ ಮಗನನ್ನೂ ಸೆರೆಹಿಡಿದು ಉತ್ತರಕ್ಕೆ ಒಯ್ದಿತು. 1135ರಲ್ಲಿ ಅಲ್ಲೇ ಸತ್ತ. ಹಾಗಂತ ಚಿತ್ರದ ಹುಚ್ಚಿಲ್ಲದ ರಾಜರೆಲ್ಲ ರಾಜ್ಯ ಉಳಿಸಿಕೊಂಡರಾ? ಇನ್ನು ಹೇಳಿದಂತೆ ಬರೆಯುವ ಮಾತು. ಯಾರೂ ಹೇಳದೆ ಬರೆಯುವ ಭಾಗ್ಯ ನನಗಂತೂ ಬಂದಿಲ್ಲ, ಆ ಗೆಳೆಯರಿಗೆ ಬಂದಿದ್ದರೆ ಸಂತೋಷ. ಹೇಳುವವನಿಗೆ ಪದ್ಯ ಓದಲು ಬರುತ್ತದೆಯೋ ಇಲ್ಲವೋ ಅನ್ನುವುದಷ್ಟೇ ನನ್ನ ತಕರಾರು.

ನಿಜ ಹೇಳಲಾ? ಆ ಶಾಲೆಯ ಹುಡುಗರ ಮೇಲೆ ನನಗೆ ಹೊಟ್ಟೆಕಿಚ್ಚು. ಹುಯಿಝೊಂಗ್ ಸುಲಭದವನಲ್ಲ. ನವಿಲು ದಿಬ್ಬ ಹತ್ತುವಾಗ ಮೊದಲು ಎಡಗಾಲು ಎತ್ತುತ್ತದೆ, ನೀವು ಬಲಗಾಲು ಬರೆದಿದ್ದೀರಿ ಅಂತ ತನ್ನ ಚಿತ್ರಕಾರರನ್ನು ಹಿಡಿದ ಕಥೆಯೂ ಡೆಂಗ್ ಚುನ್ ಪುಸ್ತಕದಲ್ಲೇ ಇದೆ. ನನಗೆ ಸಿಕ್ಕವರು ನವಿಲು ಎಲ್ಲಿ ಅಂತ ಕೇಳಿದರೇ ಹೊರತು ಯಾವ ಕಾಲು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಬೈದುಕೊಂಡೇ ಖುಷಿಪಡುತ್ತಿದ್ದೆ.

ಈ ರಾಜ ದೇವರೇನೂ ಅಲ್ಲ. ಆ ಕಾಲದ ದೊಡ್ಡ ಕವಿ ಸು ಶಿ. ಹೋಲಿಕೆಯೊಂದನ್ನೇ ನೋಡಿ ಚಿತ್ರ ಅಳೆಯುವವರದು ಮಕ್ಕಳ ಬುದ್ಧಿ ಅಂದವನು. ಹಿಂದಿನ ಕಾಲದ ಕವಿ, ಚಿತ್ರಕಾರ ವಾಂಗ್ ವೇಯ್‌ನ ಕವಿತೆಯಲ್ಲಿ ಚಿತ್ರವಿದೆ, ಚಿತ್ರದಲ್ಲಿ ಕವಿತೆಯಿದೆ ಅಂದವನೂ ಅವನೇ. ಪದ್ಯ ಕೊಟ್ಟು ಚಿತ್ರ ಬರೆಸುವ ಪರೀಕ್ಷೆಗೆ ಅವನ ಮಾತಿಗಿಂತ ಒಳ್ಳೆಯ ಪೀಠಿಕೆ ಇಲ್ಲ. ಆದರೆ ಹುಯಿಝೊಂಗ್ ಏನು ಮಾಡಿದ? ರಾಜಕೀಯದ ಜಗಳದಲ್ಲಿ, ಶಾಲೆ ತೆರೆಯುವ ಹಿಂದಿನ ವರ್ಷ, ಸತ್ತುಹೋಗಿದ್ದ ಸು ಶಿಯ ಬರಹಗಳನ್ನೇ ನಿಷೇಧಿಸಿದ.

ಅರಮನೆ ಸು ಶಿಗೆ ತೀರಿಸಬೇಕಾದ ಆ ಬಾಕಿ ತೀರಿದ್ದು ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಆಸ್ಥಾನ ದಕ್ಷಿಣಕ್ಕೆ, ಹಾಂಗ್‌ಝೌಗೆ ಓಡಿಬಂದಿತ್ತು. ಅಲ್ಲಿ ಮಾ ಲಿನ್ ಅಂತ ಒಬ್ಬ ಚಿತ್ರಕಾರ. ಐದು ತಲೆಮಾರು ಅರಮನೆಗೆ ಚಿತ್ರ ಬರೆದ ಮನೆತನ. ಅವನು ಸು ಶಿಯ ಹೈತಾಂಗ್ ಪದ್ಯಕ್ಕೆ ಒಂದು ಚಿತ್ರ ಬರೆದಿದ್ದಾನೆ. ಅಂಗೈ ಎರಡು ಜೋಡಿಸಿದಷ್ಟು ದೊಡ್ಡದು, ಬೀಸಣಿಗೆಗೆ ಬರೆದ ರೇಷ್ಮೆ. ಈಗ ತೈಪೆಯ ರಾಷ್ಟ್ರೀಯ ಅರಮನೆ ಮ್ಯೂಸಿಯಂನಲ್ಲಿದೆ.

ಹೈತಾಂಗ್ ಅಂದರೆ ಸೇಬಿನ ಜಾತಿಯ ಒಂದು ಹೂಮರ. ಈ ಪದ್ಯ ಸು ಶಿ ಗಡಿಪಾರಾಗಿ ಹುವಾಂಗ್‌ಝೌ ಅನ್ನುವ ಊರಲ್ಲಿದ್ದಾಗ ಬರೆದದ್ದು ಅಂತ ಹೇಳುತ್ತಾರೆ. ಮಂಜಿನಲ್ಲಿ ಪರಿಮಳ, ಚಂದ್ರ ಪಡಸಾಲೆಯಿಂದಾಚೆ ಸರಿದಿದ್ದಾನೆ. ಕೊನೆಯ ಎರಡು ಸಾಲು ಹೀಗೆ: "ರಾತ್ರಿ ಜಾಸ್ತಿಯಾಗಿ ಹೂ ಎಲ್ಲಿ ನಿದ್ದೆಹೋಗುವುದೋ ಅಂತ ಭಯ. ಅದಕ್ಕೇ ಎತ್ತರದ ಮೇಣದ ದೀಪ ಹಚ್ಚಿ ಅದರ ಕೆಂಪು ಸಿಂಗಾರ ನೋಡುತ್ತೇನೆ."

ಈಗ ಮಾ ಲಿನ್ ಏನು ಬರೆದ ನೋಡಿ. ಹೂಮರ ಇದೆ. ಚಂದ್ರ ಇದ್ದಾನೆ. ಪಡಸಾಲೆ ಇದೆ. ಮಂಜು ಮುಸುಕಿದ ಬೆಟ್ಟ ಇದೆ. ಅಂಗಳದ ದಾರಿಯ ಎರಡೂ ಬದಿಗೆ ಎತ್ತರದ ದೀಪಗಳ ಸಾಲು. ಬಾಗಿಲಲ್ಲಿ ಒಬ್ಬ ಮನುಷ್ಯ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಅಂದರೆ ಪದ್ಯದಲ್ಲಿರುವುದೆಲ್ಲ ಚಿತ್ರದಲ್ಲಿದೆ! ಏನೂ ಬಿಟ್ಟಿಲ್ಲ, ಏನೂ ಅಡಗಿಸಿಲ್ಲ. ಚಿಟ್ಟೆ ವಿಡಿಯೊದ ಲೆಕ್ಕದಲ್ಲಿ ಮಾ ಲಿನ್ ಫೇಲ್. ನನ್ನ ಉಪಸಂಪಾದಕರ ಲೆಕ್ಕದಲ್ಲಿ ಫಸ್ಟ್ ಕ್ಲಾಸ್. ಇಬ್ಬರ ಲೆಕ್ಕವೂ ತಪ್ಪು, ಯಾಕೆಂದರೆ ಚಿತ್ರದ ತುಂಬ ಇರುವುದು ಆ ಭಯ. ಆಕಾಶದಲ್ಲಿ ಚಂದ್ರನಿದ್ದರೂ ಅವನನ್ನು ನಂಬದೆ ಇಷ್ಟೊಂದು ದೀಪ ಇಡಿಸಿದ್ದಾನಲ್ಲ, ಎಂಥ ಗಾಬರಿ ಇರಬೇಕು ಆ ಮನುಷ್ಯನಿಗೆ! ಅವನು ಬೊಟ್ಟಿನಷ್ಟು ಸಣ್ಣಗಿದ್ದಾನೆ. ಅಂಗಳ ದೊಡ್ಡದಿದೆ. ರಾತ್ರಿ ಅದಕ್ಕಿಂತ ದೊಡ್ಡದಿದೆ.

ಇದೇ ಮಾ ಲಿನ್ 1254ರಲ್ಲಿ ಇನ್ನೊಂದು ಬರೆದಿದ್ದಾನೆ, ಟೋಕಿಯೊದ ನೆಝು ಮ್ಯೂಸಿಯಂನಲ್ಲಿದೆ. ಮೇಲೆ ಲಿಝೊಂಗ್ ರಾಜನ ಕೈಬರಹದಲ್ಲಿ ಎರಡು ಸಾಲು: ಬೆಟ್ಟಗಳು ಶರತ್ಕಾಲದ ಬಣ್ಣ ಹೊತ್ತು ಹತ್ತಿರವಾಗಿವೆ, ಕವಲುಬಾಲದ ಹಕ್ಕಿಗಳು ಸಂಜೆಬಿಸಿಲನ್ನು ನಿಧಾನ ದಾಟುತ್ತಿವೆ. ಬೆಟ್ಟ ಬರೆಯಬಹುದು, ಹಕ್ಕಿ ಬರೆಯಬಹುದು. ನಿಧಾನವನ್ನು ಬರೆಯುವುದು ಹೇಗೆ? ಬೆರಳೆಣಿಕೆಯಷ್ಟು ಹಕ್ಕಿ, ಚುಕ್ಕಿಗಿಂತ ತುಸು ದೊಡ್ಡವು. ಸುತ್ತ ಅವುಗಳಿಗೆ ದಾಟಿ ಮುಗಿಯದಷ್ಟು ಖಾಲಿ ಜಾಗ. ಇದಕ್ಕೆ ಯಾರಾದರೂ ದಪ್ಪ ಅಕ್ಷರದಲ್ಲಿ ಒಂದು ನೀತಿಪಾಠ ಬರೆದು ತೋರಿಸಲಿ.

"ಹೀಗಾದರೂ ನಾಲ್ಕು ಜನಕ್ಕೆ ಚೀನಾದ ಚಿತ್ರಕಲೆ ಗೊತ್ತಾಗುತ್ತಲ್ಲ" ಅಂತ ಕಾಮೆಂಟಿನಲ್ಲಿ ಬರೆಯಲು ಹೊರಟವರು ದಯವಿಟ್ಟು ನಿಲ್ಲಿಸಿ. ಗೊತ್ತಾಗಲ್ಲ. ಚಿತ್ರವೇ ಇಲ್ಲದ ಚಿತ್ರಕಲೆ ಅದು. ಆ ಚಿಟ್ಟೆಯ ಚಿತ್ರ ಯಾರ ಹತ್ತಿರವೂ ಇಲ್ಲ, ಕಥೆ ಮಾತ್ರ ಉಳಿದಿದೆ. ಮಾ ಲಿನ್‌ನ ರೇಷ್ಮೆ ಉಳಿದಿದೆ, ಫೋನಿನಲ್ಲೇ ಹುಡುಕಿ ನೋಡಬಹುದು. ಭಾವನಿಗೆ ಅದನ್ನೇ ಕಳಿಸಿದ್ದೇನೆ. "ತುಂಬಾ ಕತ್ತಲೆ ಇದೆ, ಬ್ರೈಟ್‌ನೆಸ್ ಜಾಸ್ತಿ ಮಾಡಿ ಕಳಿಸು ಮಾರಾಯ" ಅಂದಿದ್ದಾರೆ.

ಕೊನೆಯದಾಗಿ ಕೆಲಸದ ಮಾತು. ದೀಪಾವಳಿ ವಿಶೇಷಾಂಕಕ್ಕೆ ಚಿತ್ರ ಕೇಳುವವರು ಈ ಸಲ ಪದ್ಯವನ್ನು ಪೂರ್ತಿ ಕಳಿಸಿ. "ಮಳೆ ಮತ್ತು ಅಮ್ಮನ ಬಗ್ಗೆ ಇದೆ ಸಾರ್, ಏನಾದರೂ ಬರೆದುಬಿಡಿ" ಅನ್ನಬೇಡಿ. ಮುನ್ನಾದಿನ ರಾತ್ರಿ ಕಳಿಸಲೂಬೇಡಿ. ಬರೆಯಲು ನನಗೆ ಒಂದು ಮಧ್ಯಾಹ್ನ ಸಾಕು. ಓದಲು ಒಂದು ವಾರ ಬೇಕು.