ಅದು ಬಿಡುಗಡೆ ದಿನದಿಂದ್ಲೇ ಸೂಪರ್ ಹಿಟ್ ಅಲ್ಲ ಕಣ್ರೀ

ಕ್ರಿಸ್‌ಮಸ್ ಸಿನಿಮಾಗಳಲ್ಲಿ ಯಾವ್ದು ಬೆಸ್ಟ್ ಅಂತ ಜಗಳ ಶುರುವಾದಾಗೆಲ್ಲ ಒಂದು ಫಾರ್ವರ್ಡ್ ಬರುತ್ತೆ, 'ಇಟ್ಸ್ ಎ ವಂಡರ್‌ಫುಲ್ ಲೈಫ್' 1946ರಲ್ಲಿ ಬಂದ ತಕ್ಷಣ ಸೂಪರ್ ಹಿಟ್ ಆಯ್ತು, ಬೆಸ್ಟ್ ಪಿಕ್ಚರ್ ಆಸ್ಕರ್ ಹೊಡೀತು, ಅದ್ರಲ್ಲಿರೋದು ನಿಜವಾದ ಹಿಮ ಅಂತ. ಮೂರೂ ತಪ್ಪು.

ಬೆಸ್ಟ್ ಪಿಕ್ಚರ್‌ಗೆ ನಾಮಿನೇಟ್ ಆಗಿದ್ದು ನಿಜ, ಗೆದ್ದಿಲ್ಲ. ಥಿಯೇಟರ್‌ನಲ್ಲಿ ಹಾಕಿದ ದುಡ್ಡೂ ವಾಪಸ್ ಬರ್ಲಿಲ್ಲ. ಆಮೇಲೆ 1974ರಲ್ಲಿ ಕಾಪಿರೈಟ್ ರಿನ್ಯೂ ಮಾಡೋದನ್ನ ಮರೆತುಬಿಟ್ರು, ಅಮೆರಿಕದ ಟಿವಿ ಚಾನೆಲ್‌ಗಳಿಗೆ ಪುಕ್ಕಟೆ ಸಿಕ್ತಲ್ಲ, ಪ್ರತೀ ಡಿಸೆಂಬರ್‌ನಲ್ಲಿ ಹಾಕಿದ್ದೇ ಹಾಕಿದ್ದು, ಹಾಗೆ ಜನ ನೋಡಿ ನೋಡಿ ಅದು ಕ್ಲಾಸಿಕ್ ಆಗಿದ್ದು.

ಹಿಮದ ಕಥೆ ಇನ್ನೂ ಮಜಾ. ಶೂಟಿಂಗ್ ಆಗಿದ್ದು ಕ್ಯಾಲಿಫೋರ್ನಿಯಾದ ಬಿರುಬೇಸಿಗೆಯಲ್ಲಿ! ಆಗೆಲ್ಲ ಹಿಮ ಅಂದ್ರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್, ಮೇಲೆ ನಡೆದ್ರೆ ಕರಂ ಕರಂ ಅಂತ ಸದ್ದು, ಡೈಲಾಗ್ ಎಲ್ಲ ಆಮೇಲೆ ಡಬ್ ಮಾಡ್ಬೇಕಿತ್ತು. ಈ ಟೀಮ್ ಬೆಂಕಿ ಆರಿಸೋ ನೊರೆಗೆ ಸೋಪು ನೀರು ಬೆರೆಸಿ ಸದ್ದಿಲ್ಲದ ಹಿಮ ಮಾಡ್ತು. ಅದಕ್ಕೇ ಅಕಾಡೆಮಿಯಿಂದ ಒಂದು ಟೆಕ್ನಿಕಲ್ ಅವಾರ್ಡ್ ಬಂತು, ಫಾರ್ವರ್ಡ್ ಬರೆದವ್ರು ಬಹುಶಃ ಅದನ್ನೇ ಎಳೆದು ಬೆಸ್ಟ್ ಪಿಕ್ಚರ್ ಮಾಡಿರ್ಬೇಕು. ಸೇತುವೆ ಸೀನಲ್ಲಿ ಹೀರೋ ಜೇಮ್ಸ್ ಸ್ಟುವರ್ಟ್ ಮುಖ ಸರಿಯಾಗಿ ನೋಡಿ, ಸುತ್ತ ಹಿಮ, ಹಣೆ ಮೇಲೆ ಬೆವರು.

ಅಂದಹಾಗೆ ನನ್ನ ಓಟು ಈಗಲೂ ಇದಕ್ಕೇ. 'ಡೈ ಹಾರ್ಡ್' ಅನ್ನೋ ಆ್ಯಕ್ಷನ್ ಸಿನಿಮಾನೇ ಬೆಸ್ಟ್ ಕ್ರಿಸ್‌ಮಸ್ ಸಿನಿಮಾ ಅನ್ನೋ ಪಾರ್ಟಿಯವ್ರು ಬೈಕೊಳ್ಳಿ ಪರ್ವಾಗಿಲ್ಲ, ನಿಮ್ಮದು ರಿಲೀಸ್ ಆಗಿದ್ದು ಜುಲೈನಲ್ಲಿ.